ಯಾವ ಚಾಲು?

ಶೋಭಾರಾಣಿ ಕೂಗಿದರೆ ಸ್ಕಂದಗಿರಿ ತಿರುಗಿ ಓಗೊಡುತ್ತದೆ ಎಂದು ಅವಳ ಊರಿನಲ್ಲಿ ಹೇಳುತ್ತಾರೆ. ಅದು ಹೊಗಳಿಕೆಯೋ ದೂರೋ ಎಂಬುದು, ಹೇಳುವವರ ಮನೆ ಅವಳ ಮನೆಗೆ ಎಷ್ಟು ಹತ್ತಿರವಿದೆ ಎಂಬುದರ ಮೇಲೆ ನಿಂತಿದೆ.

ಬೆಟ್ಟದ ಬುಡದಲ್ಲಿ ಅವರದು ಸೇವಂತಿಗೆ ತೋಟ. ಮೋಡ ಬೆಟ್ಟದ ಸೊಂಟಕ್ಕೆ ಸುತ್ತಿಕೊಂಡಿರುವ ಬೆಳಗಿನ ಹೊತ್ತಿನಲ್ಲಿ ಹೂ ಬಿಡಿಸುವ ಹೆಂಗಸರು ತೋಟದ ಆ ಕೊನೆಯಲ್ಲಿರುತ್ತಾರೆ. ಶೋಭಾರಾಣಿ ತಾರಸಿಯ ಮೇಲೆ ನಿಂತು "ಕಾಫಿಗೆ ಬನ್ರೇ..." ಎಂದು ಒಂದು ಕೂಗು ಹಾಕುತ್ತಾಳೆ. ಕೂಗು ಮೋಡದೊಳಗೆ ಹೊಕ್ಕು, ಸ್ವಲ್ಪ ಒದ್ದೆಯಾಗಿ, ವಾಪಸು ಬರುತ್ತದೆ. ಇವರ ಆಳುಗಳ ಜೊತೆಗೆ ಪಕ್ಕದ ತೋಟದವರೂ ಬುಟ್ಟಿ ಇಳಿಸಿ ಎದ್ದುಬಿಡುತ್ತಾರೆ. ಪಕ್ಕದ ತೋಟದ ಯಜಮಾನರು ಈ ವಿಷಯವಾಗಿ ಅವಳ ಗಂಡ ಮುರಳಿಮೋಹನನ ಹತ್ತಿರ ಮಾತಾಡಿದ್ದುಂಟು. ಮುರಳಿಮೋಹನ ಏನೋ ಉತ್ತರ ಹೇಳಿದ್ದಾನೆ. ಏನು ಹೇಳಿದ ಎಂಬುದು ಯಾರಿಗೂ ಕೇಳಿಸಿಲ್ಲ. ಅವನ ದನಿ ಅಂಥದ್ದು. ದೇವರು ಒಂದು ಮನೆಗೆ ಇಷ್ಟು ದನಿ ಎಂದು ಅಳೆದು ಕೊಟ್ಟಿದ್ದನ್ನು ಹೆಂಡತಿಯೊಬ್ಬಳೇ ಎತ್ತಿಕೊಂಡಳು ಎಂದು ಊರು ನಗುತ್ತದೆ.

ಶೋಭಾರಾಣಿ ಹುಟ್ಟಿದಾಗಿನಿಂದ ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು "ಮೆಲ್ಲಗೆ". ಚಿಂತಾಮಣಿಯ ಆಚೆ ಅವಳ ತವರಿನಲ್ಲಿ ಅಮ್ಮ ಹೇಳುತ್ತಿದ್ದರು, ಶಾಲೆಯಲ್ಲಿ ಮೇಡಮ್ಮು ಹೇಳುತ್ತಿದ್ದರು, ಹೆಣ್ಣು ನೋಡಲು ಬಂದ ದಿನ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ತೊಡೆ ಚಿವುಟಿ ಹೇಳಿದ್ದರು. ಮದುವೆಯಾದ ಮೇಲೆ ಆ ಮಾತು ಅತ್ತೆ ರಾಮಲಕ್ಷ್ಮಮ್ಮನವರ ಪಾಲಿಗೆ ಬಂತು. ಅದನ್ನವರು ದಿನವೂ ಕಸುವಿನಿಂದ, ಸೊಸೆಗಿಂತ ಅರ್ಧ ಪಟ್ಟು ಕಡಿಮೆ ದನಿಯಲ್ಲಿ ಕೂಗಿ ಹೇಳುತ್ತಿದ್ದರು.

ಹೀಗಿದ್ದವಳ ಕೈಗೆ ಯಾರೋ ಮೈಕು ಕೊಟ್ಟರು.

ಅದು ಹೇಗಾಯಿತೆಂದರೆ, ಚಿಕ್ಕಬಳ್ಳಾಪುರದ ಕಡೆಯ ರಸ್ತೆಯಲ್ಲಿ, ಮೊದಲು ದ್ರಾಕ್ಷಿ ತೋಟವಿದ್ದ ಜಾಗದಲ್ಲಿ 'ಮೇಘಲೋಕ' ಎಂಬ ಆಟದ ಪಾರ್ಕು ಬಂತು. ಊರಿನ ಕೆಲವರಿಗೆ ಕೆಲಸ ಸಿಕ್ಕಿತು. ಶೋಭಾರಾಣಿಗೆ ಆಕಾಶ ಬಣ್ಣದ ಕೋಟು, ಎದೆಯ ಮೇಲೆ 'ಗೆಸ್ಟ್ ಕಂಫರ್ಟ್' ಎಂಬ ಪಟ್ಟಿ. ಪಾರ್ಕಿನಲ್ಲಿ ಎಲ್ಲಕ್ಕಿಂತ ಭಯದ ಆಟವೊಂದಿದೆ: ದೊಡ್ಡದೊಂದು ಕಬ್ಬಿಣದ ತೋಳು, ಅದರ ತುದಿಗೆ ದುಂಡಗಿನ ತಟ್ಟೆ, ತಟ್ಟೆಯ ಸುತ್ತ ಸೀಟುಗಳು. ತೋಳು ಉಯ್ಯಾಲೆಯಂತೆ ತೂಗುತ್ತದೆ, ತಟ್ಟೆ ತಾನೇ ಬೇರೆ ತಿರುಗುತ್ತದೆ. ಅದರ ನಿಜವಾದ ಹೆಸರು ಇಂಗ್ಲಿಷಿನಲ್ಲಿದೆ. ಕೆಲಸದವರೆಲ್ಲ ರುಬ್ಬುಗುಂಡು ಎನ್ನುತ್ತಾರೆ. ರುಬ್ಬುಗುಂಡಿನಿಂದ ಇಳಿದವರನ್ನು ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂರಿಸಿ, ನೀರು ಕೊಟ್ಟು, ನಿಂಬೆಹಣ್ಣು ಮೂಸಿಸಿ, ಭೂಮಿ ತಿರುಗುವುದು ನಿಂತ ಮೇಲೆ ಕಳಿಸುವುದು ಅವಳ ಕೆಲಸ. ರಾಮಲಕ್ಷ್ಮಮ್ಮನವರು ಇದನ್ನು ನೆಂಟರಿಗೆ ವಿವರಿಸುತ್ತಿದ್ದ ರೀತಿ ಬೇರೆ: "ನಮ್ಮ ಶೋಭ ವಾಂತಿ ಮಾಡ್ಕೊಳ್ಳೋರ ಬೆನ್ನು ಸವರ್ತಾಳೆ."

ಒಂದು ಭಾನುವಾರ ರುಬ್ಬುಗುಂಡಿನವರಿಗೆ ಸೂಚನೆ ಹೇಳುವ ಮೈಕು ಕೆಟ್ಟಿತ್ತು. ಮೈಕಿನವನು ಅದನ್ನು ತಟ್ಟುತ್ತ ನಿಂತಿದ್ದ. ಅಷ್ಟರಲ್ಲಿ ಮೇಲೆ ಕೂತಿದ್ದ ಒಬ್ಬ ಫೋನು ಹೊರಗೆ ಚಾಚಿ ತನ್ನ ಮುಖದ ಚಿತ್ರ ತೆಗೆದುಕೊಳ್ಳಲು ಹೊರಟ. ಶೋಭಾರಾಣಿ ಬೆಂಚಿನಿಂದಲೇ ಕೂಗಿದಳು: "ಏಯ್ ಕೆಂಪಂಗಿ! ಫೋನ್ ಒಳಗಿಡಪ್ಪ, ನಿನಗಿಂತ ಮುಂಚೆ ಅದು ಆಂಧ್ರಕ್ಕೆ ಹೋಗ್ತದೆ!"

ಇಡೀ ಪಾರ್ಕಿನಲ್ಲಿ ಕೆಂಪು ಅಂಗಿ ಹಾಕಿದ್ದವರೆಲ್ಲ ಫೋನು ಜೇಬಿಗಿಟ್ಟರು.

ಮೈಕಿನವನು ಬೇರೆ ಕೆಲಸ ಹಿಡಿದು ಹೋದಾಗ ಮ್ಯಾನೇಜರ್ ರವಿಚಂದ್ರ ಅದನ್ನು ಅವಳ ಕೈಗೇ ಕೊಟ್ಟರು. ದಾವಣಗೆರೆ ಕಡೆಯವರಾದ ಅವರು ಒಂದೇ ಷರತ್ತು ಹಾಕಿದರು: "ಮೈಕಲ್ಲಿ ತೆಲುಗು ಬೇಡಮ್ಮ, ಶೋಭಾರಾಣಿ. ಕನ್ನಡ ಮಾತಾಡಿ. ಯಾರಾದ್ರೂ ದೂರು ಕೊಟ್ರೆ ನನಗೆ ಕಷ್ಟ."

"ಆಗ್ಲಿ ಸಾರ್," ಎಂದಳು ಅವಳು. ಮನೆಯಲ್ಲಿ ತೆಲುಗು, ತೋಟದಲ್ಲಿ ಎರಡೂ, ಬ್ಯಾಂಕಿನಲ್ಲಿ ಕನ್ನಡ ಎಂದು ಬದುಕಿದವಳಿಗೆ ಅದೇನು ಕಷ್ಟ? ಮಾರನೆಯ ದಿನದಿಂದ ರುಬ್ಬುಗುಂಡಿನ ಬಾಯಿ ಅವಳಾದಳು.

"ಚಪ್ಲಿ ಕೆಳಗೇ ಬಿಡ್ರಮ್ಮ, ದೇವಸ್ಥಾನ ಅನ್ಕೊಳ್ಳಿ. ಹೆಂಗೂ ಮೇಲಕ್ಕೋದ್ಮೇಲೆ ದೇವ್ರನ್ನೇ ಕರೀತೀರ."

"ಹೊಸ ಮದ್ವೆ ಜೋಡಿ, ಕೈ ಬಿಟ್ಟು ಕಂಬಿ ಹಿಡ್ಕೊಳ್ಳಿ. ಕಂಬಿ ಮೋಸ ಮಾಡಲ್ಲ."

ಸರತಿಯಲ್ಲಿ ನಿಂತವರು ನಗುತ್ತಿದ್ದರು. ಕೆಲವರು ಆಟಕ್ಕೆ ಹತ್ತದೆ ಬರೀ ಕೇಳುತ್ತ ನಿಲ್ಲುತ್ತಿದ್ದರು. ಅವಳ ಬದುಕಿನಲ್ಲಿ ಮೊದಲ ಸಲ ಜನ ಅವಳ ದನಿಯ ಕಡೆಗೆ ನಡೆದು ಬರುತ್ತಿದ್ದರು. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ, ಹಿಂದಕ್ಕೆ ಸರಿಯುವ ಗುಲಾಬಿ ತೋಟಗಳ ಮೇಲೆ ಬಿಸಿಲು ಇಳಿಯುವುದನ್ನು ನೋಡುತ್ತ, ಅವಳು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದಳು. ಮನೆಯಲ್ಲೂ ಮೆಲ್ಲಗಾದಳು. ರಾಮಲಕ್ಷ್ಮಮ್ಮನವರಿಗೆ ಗಾಬರಿಯಾಗಿ, "ಏಮ್ಮಾ, ಮೈಗೆ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದರು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಅದು ಊಟಕ್ಕೆ ಸಂಬಂಧಿಸಿದ್ದು.

ತೆಲುಗಿನಲ್ಲಿ ಚಾಲು ಎಂದರೆ ಸಾಕು. ಆದರೆ ಆ ಸೀಮೆಯ ಮನೆಗಳಲ್ಲಿ ಬಡಿಸುವವರು ಚಾಲು ಎಂದ ಕೂಡಲೇ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಅವಮಾನ. ಮೊದಲನೆಯ ಚಾಲು ಮರ್ಯಾದೆಗೆ. ಅದಾದ ಮೇಲೆ ಒಂದು ಸೌಟು ಬಿದ್ದೇ ಬೀಳುತ್ತದೆ. ಎರಡನೆಯ ಚಾಲು ಸ್ವಲ್ಪ ನಿಜ. ಆಗ ಅರ್ಧ ಸೌಟು. ಊಟದವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರೆ ಮಾತ್ರ ಅದು ಕೊನೆ. ಕೈ ಬರುವವರೆಗೂ ಚಾಲು ಎಂಬುದು ಬರೀ ಬಾಯಿಮಾತು. ಬಸ್ಸಾರು ಇದ್ದ ದಿನ ರಾಮಲಕ್ಷ್ಮಮ್ಮನವರು ಚಾಲು ಚಾಲು ಎನ್ನುತ್ತಲೇ ಇರುತ್ತಾರೆ, ಕೈ ಮಾತ್ರ ತೊಡೆಯ ಮೇಲಿಂದ ಏಳುವುದಿಲ್ಲ. ಶೋಭಾರಾಣಿ ಅತ್ತೆಯ ಬಾಯಿ ನೋಡುವುದಿಲ್ಲ, ಕೈ ನೋಡುತ್ತಾಳೆ.

ಈಗ ಸೋಡಾ ಕಂಪನಿಯ ವಿಷಯ.

ರುಬ್ಬುಗುಂಡಿಗೆ ಪ್ರಾಯೋಜಕರು ಸಿಕ್ಕಿದ್ದಾರೆಂದು ರವಿಚಂದ್ರ ಎಲ್ಲರನ್ನೂ ಕರೆದು ಹೇಳಿದರು. ಬೆಂಗಳೂರಿನಿಂದ ಚೈತನ್ಯ ಎಂಬ ಹುಡುಗಿ ಬಂದಳು. ಹಳದಿ ಬೂಟು, ಕೈಯಲ್ಲಿ ತೆಳ್ಳನೆಯ ಕಂಪ್ಯೂಟರು. ಅವಳ ಕಂಪನಿಯ ಹೊಸ ಸೋಡಾದ ಹೆಸರು 'ಚಾಲೂ'. ಮಿಷನ್ನು ಚಾಲೂ, ಗಾಡಿ ಚಾಲೂ ಎನ್ನುವ ಚಾಲೂ.

"ಕಾನ್ಸೆಪ್ಟ್ ತುಂಬ ಸಿಂಪಲ್," ಎಂದಳು ಚೈತನ್ಯ. "ರೈಡ್ ಮುಗೀತಾ ಬರುವಾಗ ಮೈಕಲ್ಲಿ ಕೇಳ್ತೀವಿ, ಇನ್ನೊಂದು ರೌಂಡ್ ಬೇಕಾ ಅಂತ. ಬೇಕು ಅಂದ್ರೆ ಎಲ್ಲರೂ 'ಚಾಲೂ' ಅಂತ ಕೂಗಬೇಕು. ಕೂಗಿದ್ರೆ ಬೋನಸ್ ರೌಂಡ್! ಎಷ್ಟು ಜೋರಾಗಿ ಕೂಗ್ತಾರೋ ಅಷ್ಟು ಫನ್."

ಶೋಭಾರಾಣಿಗೆ ನಗು ಗಂಟಲವರೆಗೆ ಬಂತು. ಪಕ್ಕಕ್ಕೆ ನೋಡಿದಳು. ರುಬ್ಬುಗುಂಡಿನ ಗುಂಡಿ ಒತ್ತುವ ಹರಿಕೃಷ್ಣ, ಅವನೂ ಚಿಂತಾಮಣಿ ಕಡೆಯವನು, ತುಟಿ ಕಚ್ಚಿಕೊಂಡು ಚಾವಣಿ ನೋಡುತ್ತಿದ್ದ. ಮೇಡಮ್ನೋರೆ, ನಮ್ಮನೇಲಿ ಹಂಗಂದ್ರೆ ಅರ್ಥ ಬೇರೆ ಎನ್ನಲು ಅವಳು ಬಾಯಿ ತೆರೆದಳು.

ಅದೇ ಹೊತ್ತಿಗೆ ಚೈತನ್ಯ ಮುಂದಿನ ಮಾತು ಹೇಳಿದಳು: "ವಾಯ್ಸ್ ನಾವು ಬೆಂಗಳೂರಲ್ಲೇ ರೆಕಾರ್ಡ್ ಮಾಡ್ಸಿದೀವಿ. ಪ್ರೊಫೆಷನಲ್ ವಾಯ್ಸ್. ಸೋ ಲೈವ್ ಮೈಕ್ ಅಗತ್ಯ ಬೀಳಲ್ಲ."

ಬಂದ ನಗು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ರವಿಚಂದ್ರ ಒಳ್ಳೆಯ ಮನುಷ್ಯ. "ಜನ ಇವರ ಮಾತಿಗೇ ಬರ್ತಾರೆ ಮೇಡಂ, ಒಂದು ಅವಕಾಶ ಕೊಟ್ಟು ನೋಡಿ," ಎಂದರು. ಚೈತನ್ಯ ಯೋಚಿಸಿ ಒಪ್ಪಿದಳು. ಉದ್ಘಾಟನೆಯ ದಿನ ಮೊದಲು ಶೋಭಾರಾಣಿ ಮೈಕು ಹಿಡಿಯುವುದು. ಜನ ಚೆನ್ನಾಗಿ 'ಚಾಲೂ' ಕೂಗಿದರೆ ಮೈಕು ಅವಳದೇ. ಇಲ್ಲವಾದರೆ ರೆಕಾರ್ಡಿನದು, ಅವಳು ಮತ್ತೆ ನಿಂಬೆಹಣ್ಣಿಗೆ.

ತೆಲುಗಿನ ಮಾತು ಎತ್ತುವುದಕ್ಕೆ ಅದು ಸಮಯವಾಗಿರಲಿಲ್ಲ. ಶೋಭಾರಾಣಿ ಬಾಯಿ ಮುಚ್ಚಿದಳು. ಹರಿಕೃಷ್ಣನೂ ಚಾವಣಿ ಬಿಟ್ಟು ನೆಲ ನೋಡಿದ.

ಅಂದಿನಿಂದ ಅವಳು ಸೇವಂತಿಗೆ ಸಾಲುಗಳ ನಡುವೆ ನಿಂತು ಅಭ್ಯಾಸ ಮಾಡಿದಳು. "ಇನ್ನೊಂದು ಸುತ್ತು ಬೇಕಾ? ಕೂಗಿ ಹೇಳಿ, ಚಾಲೂ!" ಕೊನೆಯ ಊಕಾರವನ್ನು ಎಳೆಯಬೇಕು. ಸಾಕೆನ್ನುವ ಚಾಲು ಮೊಟಕು, ಶುರುವೆನ್ನುವ ಚಾಲೂ ಉದ್ದ; ಅಷ್ಟು ನೆನಪಿಟ್ಟರೆ ಆಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಎಷ್ಟು ಸಲ ಹೇಳಿದಳೆಂದರೆ ಆ ಮಾತಿನೊಳಗಿಂದ ಮನೆ, ಸೌಟು, ಸಾರಿನ ವಾಸನೆ ಎಲ್ಲವೂ ಸೋರಿಹೋಗಿ ಬರೀ ಸೋಡಾ ಉಳಿಯಿತು.

ಉದ್ಘಾಟನೆಗೆ ಕೆಲಸದವರ ಮನೆಯವರಿಗೆಲ್ಲ ಪಾರ್ಕು ಪುಕ್ಕಟೆ ಎಂದು ತಿಳಿದಾಗ ಅವಳಿಗೊಂದು ಉಪಾಯ ಹೊಳೆಯಿತು. ಊರಿನ ಹೆಂಗಸರನ್ನೆಲ್ಲ ಜಗುಲಿಯ ಮೇಲೆ ಸೇರಿಸಿದಳು.

"ನೀವೆಲ್ಲ ಆ ಆಟ ಹತ್ತಬೇಕು. ನಾನು ಮೈಕಲ್ಲಿ ಕೇಳಿದ ತಕ್ಷಣ ಗಂಟ್ಲು ಹರಿಯೋ ಹಂಗೆ ಚಾಲೂ ಅನ್ನಬೇಕು. ನನ್ನ ಮಾನ ನಿಮ್ಮ ಕೈಲದೆ."

"ಚಾಲು ಅನ್ನಕ್ಕೆ ಅಷ್ಟು ದೂರ ಹೋಗ್ಬೇಕೇನೇ? ಇಲ್ಲೇ ಅಂತೀನಿ ತಗೊ," ಎಂದಳು ಎದುರು ಮನೆಯ ಓಬಳಮ್ಮ. ಅವಳ ನಾಲಗೆಗೆ ಹೆದರದವರು ಊರಿನಲ್ಲಿ ರಾಮಲಕ್ಷ್ಮಮ್ಮನವರು ಮಾತ್ರ.

"ಸಾಕು ಅನ್ನೋ ಚಾಲು ಅಲ್ಲ ಕಣೇ ಓಬಳಕ್ಕ, ಬೇಕು ಅನ್ನೋ ಚಾಲೂ."

"ಒಂದೇ ಮಾತಿಗೆ ಸಾಕೂ ಅದೇ, ಬೇಕೂ ಅದೇ ಅಂದ್ರೆ, ಅದು ನಮ್ಮೆಜಮಾನ್ರು ಮಾತಾಡ್ದಂಗಾಯ್ತು."

ಎಲ್ಲರೂ ನಕ್ಕರು, ಎಲ್ಲರೂ ಒಪ್ಪಿದರು. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ರಾಮಲಕ್ಷ್ಮಮ್ಮನವರು ದಾರ ಕಡಿದು ಹೇಳಿದರು: "ನಾನೂ ಹತ್ತುತೀನಿ."

"ಅತ್ತಮ್ಮ, ನೀವು ಬೇಡ..."

"ಯಾಕೆ? ಸ್ಕಂದಗಿರಿ ಹತ್ತಿಲ್ವಾ ನಾನು? ಜನರನ್ನ ತಿರುಗ್ಸಿ ತಿರುಗ್ಸಿ ಬಿಡ್ತೀಯಂತಲ್ಲ, ಹೆಂಗೆ ತಿರುಗಿಸ್ತೀಯ ನೋಡ್ಬೇಕು." ಆಮೇಲೆ ದನಿ ಇಳಿಸಿ, ಹೂವಿಗೇ ಹೇಳುವಂತೆ ಹೇಳಿದರು: "ನನ್ನ ಸೊಸೆ ಮೈಕು ಕಿತ್ಕೊಂತಾರಂತೆ. ನಾನು ಕೂಗ್ದೆ ಇನ್ಯಾರು ಕೂಗ್ತಾರೆ."

ಉದ್ಘಾಟನೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ರುಬ್ಬುಗುಂಡಿಗೆ ಹಸಿರು ಬಣ್ಣ ಬಳಿದು ದೊಡ್ಡದಾಗಿ ಚಾಲೂ ಎಂದು ಬರೆಸಿದ್ದರು. ಇಳಿಯುವ ಕಡೆ ಹೊಸ ಚಪ್ಪರ ಎದ್ದಿತ್ತು, ತಣ್ಣನೆ ಹನಿ ಸಿಂಪಡಿಸುವ ಫ್ಯಾನುಗಳಿದ್ದವು. ಅದರ ಹೆಸರು 'ಚಾಲೂ ಆರಾಮ'. ಕೂರಲು ಸೋಡಾ ಬಾಟಲಿಯ ಮುಚ್ಚಳದ ಆಕಾರದ ದುಂಡು ಪೀಠಗಳು. ಅವುಗಳಿಗೆ ಒರಗು ಇರಲಿಲ್ಲ. ಮುಚ್ಚಳ ತಿರುಗಬೇಕಲ್ಲ ಎಂದು ಯಾರಿಗೋ ತೋಚಿ, ಪೀಠಗಳೂ ತಿರುಗುತ್ತಿದ್ದವು. ಹಳೆಯ ಕಲ್ಲುಬೆಂಚನ್ನು ಎತ್ತಿಸಲು ಕ್ರೇನು ಸಿಗದೆ, ಅದು ಹೊಂಗೆಯ ಕೆಳಗೆ ಇದ್ದಲ್ಲೇ ಇತ್ತು.

ಮೊದಲ ಸುತ್ತಿಗೆ ಕಾಲೇಜು ಹುಡುಗ ಹುಡುಗಿಯರು ಹತ್ತಿದರು. ಶೋಭಾರಾಣಿ ಕೇಳಿದಳು, ಅವರು ಕೂಗಿದರು, ಹರಿಕೃಷ್ಣ ಗಾಜಿನ ಗೂಡಿನಲ್ಲಿ ಗುಂಡಿ ಒತ್ತಿದ. ಆ ಗೂಡಿಗೆ ಮೇಲಿನವರ ಕೂಗು ಕೇಳಿಸುವುದಿಲ್ಲ, ಮೈಕು ಮಾತ್ರ ಕೇಳಿಸುತ್ತದೆ. ಶೋಭಾರಾಣಿ ಮೈಕಿನಲ್ಲಿ 'ಚಾಲೂ' ಎಂದರೆ ಇನ್ನೊಂದು ಸುತ್ತು, 'ಇಳಿಸು' ಎಂದರೆ ಇಳಿತ. ಚೈತನ್ಯ ಹೆಬ್ಬೆರಳು ಎತ್ತಿ ತೋರಿಸಿದಳು. ಶೋಭಾರಾಣಿಯ ಎದೆಯಲ್ಲಿ ಒಂದು ಸೇವಂತಿಗೆ ಬಿರಿಯಿತು.

ಎರಡನೆಯ ಸುತ್ತಿಗೆ ಊರಿನ ಹೆಂಗಸರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೂ ಗಟ್ಟಿ ಮಾಡಿಕೊಂಡು ಕೂತರು. ರಾಮಲಕ್ಷ್ಮಮ್ಮನವರು ಬಸ್ಸಿನ ಕಿಟಕಿ ಸೀಟು ಹಿಡಿದವರಂತೆ ಗಂಭೀರವಾಗಿದ್ದರು.

"ಅತ್ತಮ್ಮ, ಬೆಲ್ಟು ಬಿಗಿಯಾಯ್ತಾ?" ಎಂದು ಮೈಕಿನಲ್ಲೇ ಕೇಳಿದಳು ಶೋಭಾರಾಣಿ.

"ಮೆಲ್ಲಗೆ ಹೇಳೇ, ಕೇಳಿಸ್ತದೆ!" ಎಂದರು ಅತ್ತೆ. ಸರತಿಯವರು ಗೊಳ್ಳೆಂದರು.

ತೋಳು ಮೆಲ್ಲನೆ ತೂಗಿತು. ನಗು ಕೇಳಿಸಿತು. ಸ್ವಲ್ಪ ಜೋರಾಗಿ ತೂಗಿತು. ನಗುವಿನಲ್ಲಿ ಒಂದು ಬಿರುಕು ಬಿತ್ತು. ಆಮೇಲೆ ತಟ್ಟೆ ತಿರುಗಿತು, ಮತ್ತು ಊರಿನ ಹೆಂಗಸರ ಬಾಯಿಂದ ಅದುವರೆಗೆ ಯಾವ ಸಾವು ಮದುವೆಗಳಲ್ಲೂ ಬಾರದ ಒಂದು ದನಿ ಬಂತು.

"ಇನ್ನೊಂದು ಸುತ್ತು ಬೇಕಾ?" ಎಂದಳು ಶೋಭಾರಾಣಿ. "ಕೂಗಿ ಹೇಳಿ!"

"ಚಾಲೂ! ಚಾಲೂ!"

ನೆಲದ ಮೇಲೆ ಮೊಟಕು ಚಾಲಿಗೂ ಉದ್ದ ಚಾಲಿಗೂ ವ್ಯತ್ಯಾಸವಿರುತ್ತದೆ. ಆಕಾಶದಲ್ಲಿ ಎಲ್ಲರ ಸ್ವರವೂ ಉದ್ದ.

"ಹಂಗೆ!" ಎಂದಳು ಶೋಭಾರಾಣಿ. "ಚಾಲೂ!" ಹರಿಕೃಷ್ಣ ಗುಂಡಿ ಒತ್ತಿದ.

ಮತ್ತೆ ಕೇಳಲು ಬಾಯಿ ತೆರೆದಳು. ಈ ಸಲ ಕೇಳುವ ಮೊದಲೇ ಕೂಗು ಬಂತು. "ಚಾಲೂ! ಅಯ್ಯೋ ಚಾಲೂ! ಚಾಲೂಊ..." ಕೊಟ್ಟ ಮಾತಿಗೆ ಹೀಗೆ ನಡೆದುಕೊಳ್ಳುವ ಜನರನ್ನು ಅವಳು ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. ಓಬಳಕ್ಕನನ್ನು ಎಷ್ಟು ಸಲ ಬೈದುಕೊಂಡಿದ್ದೆ, ಈಗ ನೋಡು, ನನಗೋಸ್ಕರ ಗಂಟಲು ಹರಿದುಕೊಳ್ಳುತ್ತಿದ್ದಾಳೆ ಎನಿಸಿತು. ಮೈಕು ಉಳಿಯಿತು. ಊರು ಉಳಿಸಿಕೊಟ್ಟಿತು.

"ನಮ್ಮೂರ ಹೆಂಗಸ್ರು ನೋಡ್ರಪ್ಪ!" ಎಂದು ಮೈಕಿನಲ್ಲಿ ಹೆಮ್ಮೆಯಿಂದ ಸಾರಿದಳು. "ಸಾಕು ಅನ್ನಕ್ಕೆ ಇವರಿಗೆ ಗೊತ್ತೇ ಇಲ್ಲ! ಚಾಲೂ!"

ಹರಿಕೃಷ್ಣ ಒತ್ತಿದ. ತಟ್ಟೆ ಈಗ ಸ್ಕಂದಗಿರಿಯನ್ನು ಮುಟ್ಟಿಯೇ ಬರುತ್ತೇನೆಂಬಂತೆ ಏರಿತು. ಮಲ್ಲಿಗೆ ಕನಕಾಂಬರಗಳು ಉದುರಿ ಗಾಳಿಯಲ್ಲಿ ತಿರುಗಿದವು. ಬಿಸಿಲಿನಲ್ಲಿ ಅದು ನೋಡಲು ಚೆಂದವಾಗಿತ್ತು. ಚೈತನ್ಯ ಫೋನಿನಲ್ಲಿ ಅದನ್ನೆಲ್ಲ ಹಿಡಿಯುತ್ತಿದ್ದಳು.

ಆಗ ಶೋಭಾರಾಣಿ ಆ ಕೈ ಕಂಡಳು.

ತಟ್ಟೆ ಅವಳ ನೇರಕ್ಕೆ ಇಳಿದು ಬಂದ ಒಂದು ಗಳಿಗೆಯಲ್ಲಿ, ರಾಮಲಕ್ಷ್ಮಮ್ಮನವರು ಕಣ್ಣು ಮುಚ್ಚಿಕೊಂಡಿದ್ದರು. ಎಡಗೈ ಕಂಬಿ ಹಿಡಿದಿತ್ತು. ಬಲಗೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳು ಅಗಲಿಸಿ, ಇಲ್ಲದ ಎಲೆಯೊಂದರ ಮೇಲೆ ಅಡ್ಡ ಹಿಡಿದಿದ್ದರು.

ಬಸ್ಸಾರಿನ ದಿನ ತೊಡೆ ಬಿಟ್ಟು ಏಳದ ಕೈ ಅದು.

ಸೋರಿಹೋಗಿದ್ದ ಮನೆ, ಸೌಟು, ಸಾರಿನ ವಾಸನೆ ಎಲ್ಲವೂ ಒಮ್ಮೆಗೇ ಆ ಮಾತಿನೊಳಕ್ಕೆ ನುಗ್ಗಿ ಬಂದವು. ಮೈಕಿನಲ್ಲಿ ತೆಲುಗು ಬರಬಾರದೆಂಬುದು ಮರೆತೇಹೋಯಿತು. "ಅಯ್ಯಯ್ಯೋ, ಹರೀ! ಚಾಲು ಅಂಟುನ್ನಾರ್ರಾ! ಸಾಕಂತೆ ಕಣೋ, ಸಾಕಂತೆ! ಇಳಿಸೋ!"

ಇಳಿದವರ ಪಾಡು ಹೇಳಬಾರದು. ಯಾರ ಜಡೆ ಯಾರದೆಂದು ತಿಳಿಯುತ್ತಿರಲಿಲ್ಲ. ಓಬಳಮ್ಮ ಬೇಲಿಯ ಕಂಬವನ್ನು ಅಪ್ಪಿಕೊಂಡು ನಿಂತಳು. ಕೆಲಸದವರು ರಾಮಲಕ್ಷ್ಮಮ್ಮನವರನ್ನು ಮೆತ್ತಗೆ ಕರೆತಂದು 'ಚಾಲೂ ಆರಾಮ'ದ ಪೀಠದ ಮೇಲೆ ಕೂರಿಸಿದರು. ಪೀಠ ಅರ್ಧ ಸುತ್ತು ತಿರುಗಿತು.

"ಇದೂ ತಿರುಗ್ತದಲ್ಲೇ!" ಎಂದು ಕಿರುಚಿ ಎದ್ದು, ಅವರು ಸೀದಾ ಹೊಂಗೆ ಮರದ ಕಲ್ಲುಬೆಂಚಿಗೆ ಹೋಗಿ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡರು. ಉಳಿದ ಹೆಂಗಸರೂ ಹಿಂದೆಯೇ ಹೋದರು. ಆ ಕಲ್ಲು ಕದಲಲಿಲ್ಲ.

ಶೋಭಾರಾಣಿ ನಿಂಬೆಹಣ್ಣು ಹಿಡಿದು ಎದುರಿಗೆ ನಿಂತಳು.

"ನಾನೇನಂದೆ?" ಎಂದರು ಅತ್ತೆ, ಕಣ್ಣು ತೆರೆಯದೆ.

"ಚಾಲು ಅಂದ್ರಿ."

"ಚಾಲು ಅಂದ್ರೇನು?"

"...ಸಾಕು ಅಂತ."

"ಮತ್ತೆ?"

"ನೀವು ನನಗೋಸ್ಕರ ಕೂಗ್ತಿದೀರ ಅನ್ಕೊಂಡೆ ಅತ್ತಮ್ಮ."

"ನಿನಗೋಸ್ಕರ ಕೂಗಕ್ಕೆ ಮೊದ್ಲು ನಮಗೆ ಪ್ರಾಣ ಇರಬೇಕಲ್ವೇನೇ!" ಎಂದಳು ಓಬಳಮ್ಮ ಕಂಬದ ಬಳಿಯಿಂದಲೇ. "ಮೇಲೆ ನನಗೆ ನೀನೂ ನೆನಪಿಲ್ಲ, ನಿನ್ ಸೋಡಾನೂ ನೆನಪಿಲ್ಲ. ಬೆಂಕಿ ಹಾಕ, ನಮ್ಮೆಜಮಾನ್ರು ಮಾತ್ರ ಯಾಕೋ ನೆನಪಿಗೆ ಬಂದ್ರು."

ಶೋಭಾರಾಣಿಗೆ ನಗಲಾಗಲಿಲ್ಲ. ರವಿಚಂದ್ರ ಬರುತ್ತಿದ್ದರು. ಅವರು ಬೈಯಲಿಲ್ಲ, ಕೈ ಚಾಚಿದರು ಅಷ್ಟೇ. ಶೋಭಾರಾಣಿ ಮೈಕನ್ನು ಸೆರಗಿನಿಂದ ಒಮ್ಮೆ ಒರೆಸಿ ಕೊಟ್ಟಳು.

"ಸದ್ಯಕ್ಕೆ ರೆಕಾರ್ಡಿಂಗ್ ಹಾಕ್ತೀವಮ್ಮ," ಎಂದರು ಅವರು. "ನೀವು ಇವರನ್ನ ನೋಡ್ಕೊಳ್ಳಿ."

ಅವಳು ಬೆಂಚಿನ ಹತ್ತಿರವೇ ನಿಂತು ಬೆನ್ನು ಸವರಿದಳು. ಮೊದಲು ಅತ್ತೆಯದು, ಆಮೇಲೆ ಕಂಬ ಬಿಟ್ಟು ಬಂದ ಓಬಳಮ್ಮನದು. ಹಿಂದಿನಿಂದ ರುಬ್ಬುಗುಂಡು ಮತ್ತೆ ತೂಗುವ ಸದ್ದು ಬಂತು. ಆಂಧ್ರದ ಹಿಂದೂಪುರದಿಂದ ಬಂದಿದ್ದ ದೊಡ್ಡ ಕುಟುಂಬವೊಂದು ಹತ್ತಿತ್ತು. ಆಕಾಶದಿಂದ ಜೇನು ಸುರಿದಂತೆ ಒಂದು ದನಿ ಕೇಳಿಸಿತು. ಬೆಂಗಳೂರಿನ ದನಿ.

"ಹಾಯ್ ಫ್ರೆಂಡ್ಸ್! ಇನ್ನೊಂದು ರೌಂಡ್ ಬೇಕಾ? ಹಾಗಾದ್ರೆ ಹೇಳಿ... ಚಾಲೂ!"

"ಚಾಲು! ಚಾಲು ಬಾಬೂ!" ಎಂದಿತು ಹಿಂದೂಪುರ.

"ಕೇಳಿಸ್ತಾ ಇಲ್ಲಾ! ಇನ್ನೂ ಜೋರಾಗಿ!"

"ಚಾಲೂಊ! ದೇವುಡಾ, ಚಾಲೂ!"

"ವಾವ್! ಸೂಪರ್! ಚಾಲೂ!"

ಕಲ್ಲುಬೆಂಚಿನ ಹೆಂಗಸರೆಲ್ಲ ತಲೆಯೆತ್ತಿದರು. ಗೂಡಿನೊಳಗೆ ಹರಿಕೃಷ್ಣ ಗುಂಡಿಯ ಮೇಲೆ ಬೆರಳಿಟ್ಟು ಅತ್ತ ಇತ್ತ ನೋಡುತ್ತಿದ್ದ. ಒತ್ತು ಎಂದು ಒಂದು ದನಿ ಹೇಳುತ್ತಿತ್ತು. ಮೇಲಿನವರು ಏನು ಹೇಳುತ್ತಿದ್ದಾರೆಂದು ಅವನಿಗೆ ಕೇಳುವಂತಿರಲಿಲ್ಲ.

"ಕೂಗೇ," ಎಂದರು ರಾಮಲಕ್ಷ್ಮಮ್ಮನವರು.

"ಮೈಕಿಲ್ಲ ಅತ್ತಮ್ಮ."

"ನಿನಗ್ಯಾಕೇ ಮೈಕು? ನನ್ನ ಮಗನ ಮನೇಲಿ ಇಷ್ಟು ವರ್ಷ ಮೈಕಿಟ್ಕೊಂಡಾ ಕೂಗ್ದೆ? ಕೂಗು!"

ಬದುಕಿನಲ್ಲಿ ಮೊದಲ ಸಲ ಅತ್ತೆ ಅವಳಿಗೆ ಮೆಲ್ಲಗೆ ಎನ್ನುವ ಬದಲು ಕೂಗು ಎಂದಿದ್ದರು. ಶೋಭಾರಾಣಿ ಕಾಲು ಅಗಲಿಸಿ ನಿಂತು, ತೋಟದ ಆ ಕೊನೆಗೆ ಕೂಗುವಂತೆ ಕೂಗಿದಳು.

"ಹರೀ... ಇಳಿಸೋ! ಅದು ಮನೇ ಚಾಲು ಕಣೋ!"

ಗಾಜು ದಾಟಿ ಅದು ಹರಿಕೃಷ್ಣನ ಕಿವಿಗೆ ಹೋಯಿತು. ಪಾರ್ಕಿನ ಆಚೆ ತುದಿಯಲ್ಲಿ ಮಕ್ಕಳ ರೈಲಿನವನೂ ತನ್ನ ರೈಲು ನಿಲ್ಲಿಸಿದ.

ಹಿಂದೂಪುರದವರು ಇಳಿದು ಕಲ್ಲುಬೆಂಚಿನಲ್ಲಿ ಜಾಗ ಕೇಳಿದರು. ಊರಿನ ಹೆಂಗಸರು ಸರಿದು ಕೂತು, ನೀವು ಎಷ್ಟು ಸಲ ಅಂದ್ರಿ, ನಾವು ಎಷ್ಟು ಸಲ ಅಂದ್ವಿ ಎಂದು ತೆಲುಗಿನಲ್ಲಿ ಮಾತಿಗಿಳಿದರು. ಚೈತನ್ಯ ತಿರುಗುವ ಪೀಠವೊಂದರ ಮೇಲೆ ಕುಸಿದು ಕೂತು, ಫೋನಿನಲ್ಲಿ ಹಿಡಿದಿದ್ದನ್ನು ಮತ್ತೆ ನೋಡುತ್ತಿದ್ದಳು. ಹರಿಕೃಷ್ಣ ಬಂದು ಅರ್ಥ ಹೇಳಿದ. ಅವಳು ಫೋನು ತೊಡೆಗೆ ಹಾಕಿ ನಕ್ಕಳು. ನಗುವಿನ ಭರಕ್ಕೆ ಪೀಠ ಪೂರ್ತಿ ಒಂದು ಸುತ್ತು ತಿರುಗಿತು.

"ಆಂಟಿ, ಮೀಟಿಂಗಲ್ಲೇ ಹೇಳಬಾರದಿತ್ತಾ?"

"ಹೇಳಣ ಅಂತಿದ್ದೆ ಮೇಡಮ್ನೋರೆ," ಎಂದಳು ಶೋಭಾರಾಣಿ. "ಅಷ್ಟರಲ್ಲಿ ನೀವು ಮೈಕು ಕಿತ್ಕೊಂತೀನಿ ಅಂದ್ರಿ. ಬಾಯಿ ಒಣಗ್ತು."

ಅದರಲ್ಲಿ ನೆಪವಿರಲಿಲ್ಲ. ಚೈತನ್ಯ ಪೀಠವನ್ನು ಕಾಲಿನಿಂದ ಒತ್ತಿ ನಿಲ್ಲಿಸಿದಳು. "ಬ್ರಾಂಡ್ ಹೆಸರು ಚೇಂಜ್ ಮಾಡಕ್ಕೆ ನನ್ನ ಕೈಲಿ ಆಗಲ್ಲ, ಬಾಟ್ಲೆಲ್ಲ ಪ್ರಿಂಟ್ ಆಗಿದೆ," ಎಂದಳು ರವಿಚಂದ್ರರಿಗೆ. "ಆದ್ರೆ ರೆಕಾರ್ಡಿಂಗ್ ಬರೀ ಹೇಳುತ್ತೆ ಸರ್, ಕೇಳಿಸ್ಕೊಳಲ್ಲ. ಯಾವ ಚಾಲು ಅಂತ ಯಾರಾದ್ರೂ ಕೇಳಬೇಕಲ್ವಾ?"

ರವಿಚಂದ್ರ ಕೈಯಲ್ಲಿದ್ದ ಮೈಕನ್ನು ನೋಡಿದರು, ಕಲ್ಲುಬೆಂಚಿನ ಕಡೆ ನೋಡಿದರು. ಅಲ್ಲಿಂದ ರಾಮಲಕ್ಷ್ಮಮ್ಮನವರು ಅವರನ್ನೇ ನೋಡುತ್ತಿದ್ದರು. ಮೈಕನ್ನು ಶೋಭಾರಾಣಿಗೆ ಕೊಟ್ಟರು.

"ಮೈಕಲ್ಲಿ ತೆಲುಗು ಬರ್ತದೆ ಸಾರ್," ಎಂದಳು ಅವಳು.

"ಬರಲಿ ಬಿಡಮ್ಮ," ಎಂದರು ಅವರು. "ಇವತ್ತು ಬರದೇ ಇದ್ದಿದ್ದೇ ತಪ್ಪಾಯ್ತು."

ಈಗ ಮೇಘಲೋಕಕ್ಕೆ ಹೋದರೆ ರುಬ್ಬುಗುಂಡಿನ ಕೆಳಗೆ ಆಕಾಶ ಬಣ್ಣದ ಕೋಟಿನ ಶೋಭಾರಾಣಿಯನ್ನು ಕಾಣಬಹುದು. ಹತ್ತುವ ಮುಂಚೆ ಹೇಳುತ್ತಾಳೆ: "ನೋಡ್ರಮ್ಮ, ನೋಡ್ರಪ್ಪ. ಬಾಯಲ್ಲಿ ಏನಾದ್ರೂ ಕೂಗ್ಕೊಳ್ಳಿ, ನಾನು ನಂಬಲ್ಲ. ಸಾಕಾಯ್ತಾ, ಎಲೆಗೆ ಕೈ ಅಡ್ಡ ಹಿಡೀರಿ." ಬೆಂಗಳೂರಿನವರಿಗೆ ಅವಳೇ ಹಿಡಿದು ತೋರಿಸುತ್ತಾಳೆ. ತಟ್ಟೆ ತೂಗಿ ತಿರುಗಿ, ಕೂಗು ಮುಗಿಲಿಗೇರಿದಾಗ, "ಯಾವ ಚಾಲು? ಮನೇದಾ, ಸೋಡಾದಾ?" ಎನ್ನುತ್ತಾಳೆ. ಆಗ ಬೆಟ್ಟದ ನೀಲಿಯ ಎದುರಿಗೆ, ಅಷ್ಟು ಎತ್ತರದಲ್ಲಿ, ಒಂದು ಪಂಕ್ತಿಯ ಜನ ಕಾಣದ ಎಲೆಗಳ ಮೇಲೆ ಅಂಗೈ ಚಾಚುತ್ತಾರೆ. ದೂರದಿಂದ ನೋಡಿದವರಿಗೆ ಆಕಾಶದಲ್ಲಿ ಯಾರದೋ ಮದುವೆಯ ಊಟ ನಡೆದಂತಿರುತ್ತದೆ. ತಿರುಗುವ ಪೀಠಗಳನ್ನು ಬೋಲ್ಟು ಹಾಕಿ ನಿಲ್ಲಿಸಿದ್ದಾರೆ. ಜನ ಆದರೂ ಕಲ್ಲುಬೆಂಚಿನಲ್ಲೇ ಕೂರುತ್ತಾರೆ. ಕಂಪನಿಯವರು ಕೊನೆಗೆ ಅದರ ಮೇಲೇ ಚಾಲೂ ಎಂದು ಬರೆಸಿದರು.

ಉದ್ಘಾಟನೆಯ ಮಾರನೆಯ ದಿನ ಪಾರ್ಕಿಗೆ ರಜೆ. ಮಧ್ಯಾಹ್ನ ಶೋಭಾರಾಣಿ ಬಸ್ಸಾರು ಮಾಡಿದ್ದಳು. ರಾಮಲಕ್ಷ್ಮಮ್ಮನವರು ಗೋಡೆಗೆ ಒರಗಿ, ನೆಲ ನಿಂತಿದೆಯೆಂದು ಒಮ್ಮೆ ಅಂಗೈಯಿಂದ ಒತ್ತಿ ನೋಡಿ ಕೂತರು. ಮುದ್ದೆ ಬಿತ್ತು, ಸಾರು ಬಿತ್ತು.

"ಚಾಲು," ಎಂದರು.

ಶೋಭಾರಾಣಿ ಸೌಟನ್ನು ತಟ್ಟನೆ ಹಿಂದಕ್ಕೆ ತೆಗೆದಳು.

ರಾಮಲಕ್ಷ್ಮಮ್ಮನವರು ತಟ್ಟೆ ನೋಡಿದರು. ಸೌಟು ನೋಡಿದರು. ಸೊಸೆಯ ಮುಖ ನೋಡಿದರು. ಅವರ ಮುಖದಲ್ಲಿ ರುಬ್ಬುಗುಂಡಿನ ಮೇಲೂ ಮೂಡದಿದ್ದ ನೋವು ಮೂಡಿತು.

"ಒಂದ್ಸಲ ಅಂದಿದ್ದಕ್ಕೇ ನಿಲ್ಸಿಬಿಡೋದೇನೇ?"

"ಯಾವ ಚಾಲು ಅತ್ತಮ್ಮ?" ಎಂದಳು ಶೋಭಾರಾಣಿ, ಮೆಲ್ಲಗೆ.

ಅತ್ತೆ ಕಿಟಕಿಯಾಚೆ ಸೇವಂತಿಗೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಬಲಗೈ ತೊಡೆಯ ಮೇಲೇ ಇತ್ತು.

ಶೋಭಾರಾಣಿ ಸೌಟು ಮುಳುಗಿಸಿದಳು.